ಹಾಫ್‌ಲಿಂಗ್ ಕಳ್ಳನಾದ ಬಗೆ

ಬಿಲ್ಬೊ ಬ್ಯಾಗಿನ್ಸ್ ಕಳ್ಳನಾದದ್ದು ಕರಾರುಪತ್ರದ ಮೇಲೆ. ಹದಿಮೂರು ಡ್ವಾರ್ಫ್‌ಗಳು ಹೇಳದೆ ಕೇಳದೆ ಅವನ ಮನೆ ಹೊಕ್ಕು, ಉಗ್ರಾಣ ಬರಿದು ಮಾಡಿ, ರಾತ್ರಿ ಹಾಡಿ ಮಲಗಿ, ಬೆಳಿಗ್ಗೆ ಒಂದು ಚೀಟಿ ಬಿಟ್ಟು ಹೊರಟಿದ್ದರು. ಲಾಭ ಬಂದರೆ ಹದಿನಾಲ್ಕರಲ್ಲಿ ಒಂದು ಪಾಲು, ದಾರಿಖರ್ಚು ತಮ್ಮದು, ಸತ್ತರೆ ಮಣ್ಣು ಮಾಡುವ ಖರ್ಚೂ ತಮ್ಮದೇ ಎಂಬ ಷರತ್ತುಗಳು ಅದರಲ್ಲಿದ್ದವು. ಕೆಲಸವೆಂದರೆ ಡ್ರ್ಯಾಗನ್ ಕಾವಲಿಗಿರುವ ಬೆಟ್ಟದೊಳಕ್ಕೆ ಕಳ್ಳನಾಗಿ ನುಸುಳುವುದು. ಆವರೆಗೆ ಬಿಲ್ಬೊ ಯಾರ ಮನೆಯ ಚಮಚವನ್ನೂ ಮುಟ್ಟಿದವನಲ್ಲ. ಐವತ್ತು ವರ್ಷದ ಅನುಕೂಲಸ್ಥ ಗೃಹಸ್ಥ; ಬೆಳಗಿನ ತಿಂಡಿ ಮುಗಿಸಿ ಬಾಗಿಲಲ್ಲಿ ನಿಂತು ಪೈಪು ಸೇದುವವನು. ಗ್ಯಾಂಡಾಲ್ಫ್ ಎಂಬ ಮಾಂತ್ರಿಕ ಅವನ ಬಾಗಿಲ ಮೇಲೆ ಗೀಚಿದ್ದ ಗುರುತೊಂದು ಈ ಅವಾಂತರಕ್ಕೆಲ್ಲ ಮೂಲ.

ಜೆ.ಆರ್.ಆರ್. ಟೋಲ್ಕೀನರ ‘ದಿ ಹಾಬಿಟ್’ 1937ರ ಸೆಪ್ಟೆಂಬರ್ 21ರಂದು ಹೊರಬಂದಾಗ ಓದಿದವರಿಗೆಲ್ಲ ಇದೊಂದು ತಮಾಷೆ ಎಂಬುದು ಗೊತ್ತಿತ್ತು. ಕಳ್ಳತನಕ್ಕೆ ಒಂದಿಷ್ಟೂ ಒಗ್ಗದ ಮನುಷ್ಯನನ್ನು ಕಳ್ಳನ ಕೆಲಸಕ್ಕೆ ಇಟ್ಟುಕೊಂಡರೆ ಏನಾಗುತ್ತದೆ ಎಂಬುದೇ ಕಥೆಯ ಮಜಾ. ಆದರೆ ನಲವತ್ತು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಆಟದ ಪುಸ್ತಕಗಳಲ್ಲಿ ಆ ತಮಾಷೆ ನಿಯಮವಾಗಿಬಿಟ್ಟಿತ್ತು. ಬಿಲ್ಬೊಗೆ ಸಿಕ್ಕ ಒಂದು ಗುತ್ತಿಗೆ ಅವನ ಇಡೀ ಜನಕ್ಕೆ ಕುಲಕಸುಬಾಗಿ ಅಂಟಿಕೊಂಡಿತು.

ಆಟವೆಂದರೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮತ್ತು ಅದರ ಹಿಂದೆ ಬಂದ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳು. ನಾಲ್ಕಾರು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ, ಮಾತಿನಲ್ಲೇ ಕಥೆ ಕಟ್ಟುವ ಆಟ. ಡಂಜನ್ ಮಾಸ್ಟರ್ ಎನಿಸಿಕೊಂಡವರು ಲೋಕವನ್ನು ನಡೆಸುತ್ತಾರೆ. ಉಳಿದವರು ಆ ಲೋಕದಲ್ಲಿ ಅಲೆಯುತ್ತಾರೆ. ಪಾತ್ರ ಕಟ್ಟುವಾಗ ಮೊದಲು ಎದುರಾಗುವ ಪ್ರಶ್ನೆಗಳು ಎರಡು: ಯಾವ ಕುಲ, ಯಾವ ಕಸುಬು? ಮನುಷ್ಯ, ಎಲ್ಫ್, ಡ್ವಾರ್ಫ್, ಹಾಫ್‌ಲಿಂಗ್ ಎಂಬವು ಕುಲಗಳು; ಹಾಫ್‌ಲಿಂಗ್ ಎಂದರೆ ಬಿಲ್ಬೊನ ಹಾಬಿಟ್ ಜನಕ್ಕೆ ಆಟಗಳಲ್ಲಿರುವ ಹೆಸರು. ಯೋಧ, ಮಾಂತ್ರಿಕ, ಪೂಜಾರಿ, ಕಳ್ಳ ಎಂಬವು ಕಸುಬುಗಳು. ಹಾಫ್‌ಲಿಂಗ್ ಎಂದು ಬರೆದೊಡನೆ ಪಕ್ಕದ ಖಾನೆಯಲ್ಲಿ ಕಳ್ಳ ಎಂದು ತಾನಾಗಿ ತುಂಬಿಕೊಳ್ಳುವ ಅಭ್ಯಾಸ ದಶಕಗಳ ಕಾಲ ನಡೆದುಬಂತು.

ಮೂಲದ ಹಾಬಿಟ್‌ಗಳು ಹೇಗಿದ್ದರು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಆಟಗಳು ಕೈಬಿಟ್ಟದ್ದೆಲ್ಲ ಅಲ್ಲಿದೆ. ಟೋಲ್ಕೀನ್ 1892ರಲ್ಲಿ ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೀನ್‌ನಲ್ಲಿ ಹುಟ್ಟಿ, ಬಾಲ್ಯದ ನಾಲ್ಕು ವರ್ಷಗಳನ್ನು ಬರ್ಮಿಂಗ್‌ಹ್ಯಾಮ್ ಪಕ್ಕದ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ಕಳೆದವರು. ಹಾಬಿಟ್‌ಗಳ ನಾಡಾದ ಶೈರ್, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಕಾಲದ, ಅಂದರೆ 1897ರ ಸುಮಾರಿನ ವಾರಿಕ್‌ಶೈರ್ ಹಳ್ಳಿಯೇ ಎಂದು ಅವರೇ ಒಮ್ಮೆ ಪ್ರಕಾಶಕರಿಗೆ ಬರೆದಿದ್ದರು. ನೀರುಗಿರಣಿ, ಹೊಲ, ಹೆಂಡದಂಗಡಿ, ವಂಶಾವಳಿಯ ಹುಚ್ಚು, ಆಸ್ತಿಗಾಗಿ ಬಂಧುಗಳ ಜಗಳ ಎಲ್ಲವೂ ಅಲ್ಲುಂಟು.

ಆ ನಾಡಿಗೆ ಒಂದು ಚರಿತ್ರೆಯೂ ಉಂಟು. ಮಾರ್ಕೊ ಮತ್ತು ಬ್ಲಾಂಕೊ ಎಂಬ ಅಣ್ಣತಮ್ಮಂದಿರು ಉತ್ತರದ ರಾಜನಿಂದ ಭೂಮಿ ಕೇಳಿ ಪಡೆದರು. ರಾಜ ಒಡ್ಡಿದ ಷರತ್ತು ಕಂದಾಯವಲ್ಲ: ದೊಡ್ಡ ಸೇತುವೆಯನ್ನೂ ರಸ್ತೆಗಳನ್ನೂ ದುರಸ್ತಿಯಲ್ಲಿಡಬೇಕು, ರಾಜದೂತರು ಬಂದರೆ ಬೇಗ ದಾಟಿಸಬೇಕು, ಅವನ ಒಡೆತನ ಒಪ್ಪಬೇಕು. ಆಮೇಲೆ ರಾಜವಂಶ ಅಳಿದುಹೋದರೂ ಊರು ನಡೆಯಿತು. ಏಳು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಮೇಯರ್ ಆಯ್ಕೆ. ಇಡೀ ನಾಡಿಗೆ ಒಳಕಾವಲಿನ ಪೊಲೀಸರು ಹನ್ನೆರಡೇ ಮಂದಿ. ಅವರ ಮುಖ್ಯ ಕೆಲಸ ತಪ್ಪಿಸಿಕೊಂಡ ದನಗಳನ್ನು ಹಿಡಿಯುವುದು. ಹಳೆಯ ಆಯುಧಗಳೆಲ್ಲ ಗೋಡೆಗೆ ನೇತುಬಿದ್ದಿದ್ದವು, ಇಲ್ಲವೇ ಮಿಷೆಲ್ ಡೆಲ್ವಿಂಗ್ ಎಂಬ ಪಟ್ಟಣದ ಸಂಗ್ರಹಾಲಯ ಸೇರಿದ್ದವು. ಕಳ್ಳರ ನಾಡಿಗೆ ಹನ್ನೆರಡು ಪೊಲೀಸರು ಸಾಲುತ್ತಿದ್ದರೆ?

ಹಾಬಿಟ್‌ಗಳ ಊಟದ ಹುಚ್ಚು ಎಲ್ಲರಿಗೂ ಗೊತ್ತು. ಸಿಕ್ಕರೆ ದಿನಕ್ಕೆ ಆರು ಸಲ ಉಣ್ಣುವ ಜನ. ಪೀಟರ್ ಜ್ಯಾಕ್ಸನ್ನರ ಸಿನಿಮಾ ಬಂದಮೇಲಂತೂ ಎರಡನೆಯ ತಿಂಡಿಯ ನಗೆಹನಿ ಇಲ್ಲದ ಹಾಫ್‌ಲಿಂಗ್ ಆಟ ಸಿಗುವುದೇ ಕಷ್ಟ. ಆದರೆ ‘ದಿ ಹಾಬಿಟ್’ನ ಮುಂದುವರಿಕೆಯಾದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಪೀಠಿಕೆಯನ್ನೂ ಅನುಬಂಧಗಳನ್ನೂ ತಾಳ್ಮೆಯಿಂದ ಓದಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಆ ಲೋಕದ ಮೂರನೆಯ ಯುಗದ 2758ರಲ್ಲಿ ಹಿಡಿದ ದೀರ್ಘ ಚಳಿಗಾಲ ಮತ್ತು ಅದರ ಬೆನ್ನಿಗೆ ಬಂದ ಬರದಲ್ಲಿ ಶೈರ್‌ನಲ್ಲಿ ಸಾವಿರಾರು ಜನ ಸತ್ತಿದ್ದರು. 2911ರ ಇನ್ನೊಂದು ಘೋರ ಚಳಿಯಲ್ಲಿ ನದಿಗಳು ಹೆಪ್ಪುಗಟ್ಟಿ ಬಿಳಿ ತೋಳಗಳು ಇಳಿದುಬಂದವು. ಬಿಲ್ಬೊ ಆಗ ಇಪ್ಪತ್ತು ದಾಟಿದ ಹುಡುಗ. ಉಗ್ರಾಣದ ಮೇಲೆ ಉಗ್ರಾಣ ಕಟ್ಟಿಕೊಂಡ ಅವನ ಮನೆಯನ್ನು ಈ ಬೆಳಕಿನಲ್ಲಿ ನೋಡಿದರೆ ಅದು ಬರಿಯ ಹೊಟ್ಟೆಬಾಕತನವಾಗಿ ಉಳಿಯುವುದಿಲ್ಲ. ಬರ ಕಂಡ ರೈತಕುಟುಂಬ ಕಣಜ ತುಂಬಿಸಿಡುತ್ತದೆ. ಅತಿಥಿ ಬಂದಾಗ ಕೈಬಿಚ್ಚಿ ಬಡಿಸುತ್ತದೆ. ಎರಡಕ್ಕೂ ಕಾರಣ ಒಂದೇ.

ಮತ್ತೊಂದು ಮಾತು. 1954–55ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಆ ಕಾದಂಬರಿಯ ಕೊನೆಗೆ ನಾಲ್ವರು ಹಾಬಿಟ್‌ಗಳು ಯುದ್ಧ ಮುಗಿಸಿ ಊರಿಗೆ ಮರಳಿದಾಗ ಊರು ಪುಂಡರ ಕೈಯಲ್ಲಿರುತ್ತದೆ. ಮರಗಳು ಉರುಳಿವೆ, ದವಸ ಲೂಟಿಯಾಗಿದೆ, ಜನ ಸೆರೆಮನೆಯಲ್ಲಿದ್ದಾರೆ. ಅವರಲ್ಲೊಬ್ಬನಾದ ಮೆರ್ರಿ ಕೊಂಬು ಊದಿ ರೈತರನ್ನು ಎಬ್ಬಿಸುತ್ತಾನೆ. ಬೈವಾಟರ್‌ನ ಕಾಳಗದಲ್ಲಿ ಎಪ್ಪತ್ತರ ಹತ್ತಿರ ಪುಂಡರೂ ಹತ್ತೊಂಬತ್ತು ಹಾಬಿಟ್‌ಗಳೂ ಸಾಯುತ್ತಾರೆ. ಸತ್ತವರ ಹೆಸರುಗಳನ್ನು ಬರೆದಿಟ್ಟು ಶೈರ್‌ನ ಚರಿತ್ರೆಕಾರರು ಬಾಯಿಪಾಠ ಮಾಡುತ್ತಾರೆ. ಪೀಟರ್ ಜ್ಯಾಕ್ಸನ್ನರ 2003ರ ಸಿನಿಮಾದಲ್ಲಿ ಈ ಇಡೀ ಪ್ರಸಂಗಕ್ಕೆ ಕತ್ತರಿ ಬಿತ್ತು. ಆಟದ ಪುಸ್ತಕ ಬರೆದವರು ಅದಕ್ಕೂ ಎಷ್ಟೋ ಮೊದಲೇ ಅದನ್ನು ಮರೆತಿದ್ದರು.

ಅಮೆರಿಕದಲ್ಲಿ ಟೋಲ್ಕೀನ್ ಮನೆಮಾತಾದದ್ದು 1965ರಲ್ಲಿ. ಏಸ್ ಬುಕ್ಸ್ ಅನುಮತಿಯಿಲ್ಲದೆ ಅಗ್ಗದ ಪ್ರತಿ ಹಾಕಿತು. ಎದುರಿಗೆ ಬ್ಯಾಲಂಟೈನ್ ಸಂಸ್ಥೆ ಅಧಿಕೃತ ಪ್ರತಿ ತಂದಿತು. ಜಗಳದ ಪ್ರಚಾರದಲ್ಲಿ ಎರಡೂ ಮಾರಾಟವಾಗಿ ಕಾಲೇಜು ಹುಡುಗರ ಕೈಸೇರಿದವು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಆಗ ಯುದ್ಧದಾಟಗಳ ಗೀಳು ಹತ್ತಿಸಿಕೊಂಡಿದ್ದರು. ವಿಮಾ ಕಂಪನಿಯ ಕೆಲಸ ಹೋದಮೇಲೆ ಮನೆಯಲ್ಲೇ ಚಪ್ಪಲಿ, ಬೂಟು ರಿಪೇರಿ ಮಾಡಿ ಸಂಸಾರ ತೂಗಿಸಿದವರು ಅವರು. ಬರಿಗಾಲಿನ ಹಾಬಿಟ್ ಜನವನ್ನು ಆಟಕ್ಕೆ ತಂದದ್ದು ಒಬ್ಬ ಬೂಟು ರಿಪೇರಿಯವರು ಎಂಬುದು ಇತಿಹಾಸದ ಸಣ್ಣ ಕುಚೇಷ್ಟೆ.

1971ರಲ್ಲಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದಾಟದ ನಿಯಮಪುಸ್ತಿಕೆ ತಂದರು. ಅದರ ಕೊನೆಗೆ ಮಾಂತ್ರಿಕರು, ಡ್ರ್ಯಾಗನ್‌ಗಳು ಇದ್ದ ಒಂದು ಪುರವಣಿ. ಹಾಬಿಟ್‌ಗಳು ಅಲ್ಲಿ ಮೊದಲ ಸಲ ಕಾಣಿಸಿದರು: ಕಲ್ಲು ಬೀಸಬಲ್ಲ, ಪೊದೆಯಲ್ಲಿ ಮರೆಯಾಗಬಲ್ಲ, ಆದರೆ ಯುದ್ಧದಾಟದಲ್ಲಿ ಹೆಚ್ಚೇನೂ ಕೆಲಸವಿಲ್ಲದ ಪುಟ್ಟ ಜನ. 1974ರಲ್ಲಿ ಡೇವ್ ಆರ್ನೆಸನ್ ಜೊತೆಗೂಡಿ ಗೈಗ್ಯಾಕ್ಸ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ಮೊದಲ ಮುದ್ರಣ ಸಾವಿರ ಪೆಟ್ಟಿಗೆಗಳು. ಆಟಗಾರರು ಬಯಸಿದರೆ ಹಾಬಿಟ್ ಆಗಬಹುದು, ಆದರೆ ಯೋಧನ ಕಸುಬೊಂದೇ, ಅದೂ ನಾಲ್ಕನೆಯ ಲೆವೆಲ್‌ವರೆಗೆ ಮಾತ್ರ ಎಂದು ಬರೆದಿದ್ದರು. ಬೇಡದ ನೆಂಟನಿಗೆ ಜಗಲಿಯ ತುದಿಯಲ್ಲಿ ಮಣೆ ಹಾಕಿದ ಹಾಗೆ.

ಗೈಗ್ಯಾಕ್ಸ್‌ಗೆ ಟೋಲ್ಕೀನರ ಮೇಲೆ ಅಂಥ ಪ್ರೀತಿ ಇರಲಿಲ್ಲ. ರಾಬರ್ಟ್ ಇ. ಹೋವರ್ಡ್‌ನ ಕೊನಾನ್, ಫ್ರಿಟ್ಜ್ ಲೈಬರ್‌ನ ಗ್ರೇ ಮೌಸರ್, ಜ್ಯಾಕ್ ವ್ಯಾನ್ಸ್‌ನ ಮಂತ್ರವಾದಿಗಳು ಅವರ ಮೆಚ್ಚಿನವರು. ತಮ್ಮ ಆಟಕ್ಕೂ ಟೋಲ್ಕೀನರಿಗೂ ಇರುವ ನಂಟು ಮೇಲುಮೇಲಿನದು ಎಂದು ವಾದಿಸಲು 1985ರ ಮಾರ್ಚ್‌ನಲ್ಲಿ ‘ಡ್ರ್ಯಾಗನ್’ ಪತ್ರಿಕೆಯ 95ನೇ ಸಂಚಿಕೆಯಲ್ಲಿ ಒಂದು ಲೇಖನವನ್ನೇ ಬರೆದರು. ಹಾಬಿಟ್‌ಗಳು ಬಂದದ್ದು ಗಿರಾಕಿಗಳಿಗಾಗಿ. ಪ್ರೀತಿಯಿಲ್ಲದೆ ಒಳಗೆ ಬಿಟ್ಟುಕೊಂಡವರಿಗೆ ಊರು ಕಟ್ಟಿಕೊಡುವ ಶ್ರಮವನ್ನು ಯಾರು ಪಡುತ್ತಾರೆ?

ಕಳ್ಳನ ಕಸುಬು ಬಂದದ್ದು ಆಟ ಹೊರಬಂದ ಮರುವರ್ಷ. ಕ್ಯಾಲಿಫೋರ್ನಿಯಾದ ಆಟಗಾರರು ಬೀಗ ತೆಗೆಯುವ, ಸದ್ದಿಲ್ಲದೆ ನಡೆಯುವ ಪಾತ್ರವೊಂದನ್ನು ಕಟ್ಟಿಕೊಂಡಿದ್ದರು. ಆ ಯೋಚನೆ ಗೈಗ್ಯಾಕ್ಸ್ ಕಿವಿಗೆ ಬಿದ್ದು, 1975ರ ‘ಗ್ರೇಹಾಕ್’ ಪುರವಣಿಯಲ್ಲಿ ನಿಯಮವಾಯಿತು. ಯೋಧನಾಗಿ ನಾಲ್ಕನೆಯ ಲೆವೆಲ್‌ಗೆ ನಿಂತುಬಿಡುವ ಹಾಬಿಟ್, ಕಳ್ಳನಾದರೆ ಎಷ್ಟು ಬೇಕಾದರೂ ಮೇಲೇರಬಹುದಿತ್ತು. ಮೇಲಿಂದ ಜೇಬು ಕತ್ತರಿಸಲು, ನೆರಳಿನಲ್ಲಿ ಅಡಗಲು ಹೆಚ್ಚುವರಿ ಅಂಕ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಇದನ್ನು ಇನ್ನಷ್ಟು ಗಟ್ಟಿ ಮಾಡಿತು: ಶಕ್ತಿಯಲ್ಲಿ ಒಂದು ಕಡಿಮೆ, ಕೈಚಳಕದಲ್ಲಿ ಒಂದು ಹೆಚ್ಚು, ಮಂತ್ರವಿದ್ಯೆ ಮುಚ್ಚಿದ ಬಾಗಿಲು. ಗಂಡು ಹಾಫ್‌ಲಿಂಗ್‌ನ ಶಕ್ತಿಗೆ 17ರ ಮಿತಿ, ಹೆಣ್ಣಿಗೆ 14ರ ಮಿತಿ. ಯಾವ ಹುಡುಗನಾದರೂ ಲೆಕ್ಕ ಹಾಕಿ ಕಳ್ಳತನವನ್ನೇ ಆರಿಸಿಕೊಳ್ಳುತ್ತಿದ್ದ. ಆಟಗಾರರ ರುಚಿಯನ್ನು ದೂರುವವರು ಈ ಕೋಷ್ಟಕವನ್ನು ಒಮ್ಮೆ ನೋಡಬೇಕು.

ನಡುವೆ ಕಾನೂನಿನ ಏಟೂ ಬಿತ್ತು. ಟೋಲ್ಕೀನ್ ಕೃತಿಗಳ ಸಿನಿಮಾ ಮತ್ತು ಸರಕಿನ ಹಕ್ಕುಗಳು ನಿರ್ಮಾಪಕ ಸಾಲ್ ಜೇಂಟ್ಸ್ ಅವರ ಕೈಯಲ್ಲಿದ್ದವು. 1977ರಲ್ಲಿ ಆ ಕಡೆಯಿಂದ ಎಚ್ಚರಿಕೆ ಬಂದಾಗ ಗೈಗ್ಯಾಕ್ಸ್ ಅವರ ಟಿಎಸ್‌ಆರ್ ಕಂಪನಿ ಪುಸ್ತಕಗಳನ್ನು ತಿದ್ದಿತು. ಎಂಟ್ ಎಂಬ ಮರಮನುಷ್ಯ ಹೋಗಿ ಟ್ರೀಯೆಂಟ್ ಬಂತು, ಬಾಲ್‌ರಾಗ್ ಬಾಲೋರ್ ಆಯಿತು, ಹಾಬಿಟ್ ಹಾಫ್‌ಲಿಂಗ್ ಆಯಿತು. ಹಾರ್‌ಫುಟ್, ಫ್ಯಾಲೊಹೈಡ್, ಸ್ಟೂರ್ ಎಂಬ ಮೂರು ಒಳಪಂಗಡಗಳು ಹೇರ್‌ಫುಟ್, ಟಾಲ್‌ಫೆಲೊ, ಸ್ಟೌಟ್ ಎಂದು ವೇಷ ಬದಲಿಸಿದವು. ಹೆಸರಿನ ಜೊತೆಗೆ ಊರೂ ಕಳೆದುಹೋಯಿತು. ಶೈರ್ ಎನ್ನುವಂತಿರಲಿಲ್ಲ, ಬರವನ್ನೂ ಬೈವಾಟರನ್ನೂ ನೆನೆಯುವಂತಿರಲಿಲ್ಲ. ಉಳಿದದ್ದು ಗಿಡ್ಡ ಮೈ, ಕೂದಲ ಪಾದ, ಚುರುಕು ಬೆರಳು.

ಒಂದು ಜನವನ್ನು ಹುಟ್ಟಿನಿಂದಲೇ ಕಳ್ಳರೆಂದು ಪುಸ್ತಕದಲ್ಲಿ ಬರೆದಿಟ್ಟರೆ ಏನಾಗುತ್ತದೆ ಎಂಬುದನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ. ಆ ಕಾಯ್ದೆಯಡಿ ಜನರನ್ನು ಬೇಲಿಯೊಳಗೆ ಕೂಡಿಟ್ಟ ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಲೇಕ್ ಜಿನೀವಾದ ಆಟಗಾರರಿಗೆ ಇದಾವುದೂ ಮನಸ್ಸಿನಲ್ಲಿರಲಿಲ್ಲ, ಅವರ ಪುಸ್ತಕದಿಂದ ಯಾರೂ ಬೇಲಿಯೊಳಗೆ ಹೋಗಲಿಲ್ಲ. ಆದರೂ ಕುಲ ನೋಡಿ ಕಸುಬು ಊಹಿಸುವ ಕೋಷ್ಟಕವನ್ನು ಇಲ್ಲಿನವರು ಬರಿಯ ಆಟವೆಂದು ಸುಲಭವಾಗಿ ದಾಟಿಹೋಗಲಾರರು.

ಆಟದ ಲೋಕದ ಒಳಗಿದ್ದವರಿಗೂ ಇರಿಸುಮುರಿಸು ಆದದ್ದುಂಟು. 1984ರಲ್ಲಿ ಬಂದ ‘ಡ್ರ್ಯಾಗನ್‌ಲ್ಯಾನ್ಸ್’ ಸರಣಿಯಲ್ಲಿ ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಹಾಫ್‌ಲಿಂಗ್‌ಗಳ ಜಾಗದಲ್ಲಿ ಕೆಂಡರ್ ಎಂಬ ಜನರನ್ನು ತಂದರು. ಧರ್ಮನಿಷ್ಠರಾದ ಹಿಕ್‌ಮನ್‌ಗೆ ಒಂದು ಇಡೀ ಕುಲವನ್ನು ಕಳ್ಳರೆಂದು ತೋರಿಸುವುದು ಹಿಡಿಸಲಿಲ್ಲ. ಹಾಗಾಗಿ ಕೆಂಡರ್‌ಗಳು ಕದಿಯುವುದಿಲ್ಲ; ಕುತೂಹಲಕ್ಕೆ ಕೈಗೆತ್ತಿಕೊಂಡು, ಇಟ್ಟದ್ದು ಮರೆತು, ಆಮೇಲೆ ತಮ್ಮ ಚೀಲದಲ್ಲಿ ಕಂಡು ತಾವೇ ಬೆರಗಾಗುತ್ತಾರೆ. ಭಯವೆಂಬುದು ಗೊತ್ತಿಲ್ಲ, ಸ್ವಂತ ಆಸ್ತಿ ಎಂಬ ಕಲ್ಪನೆಯೂ ಇಲ್ಲ. ಕಾದಂಬರಿಯ ಟಾಸಲ್‌ಹಾಫ್ ಬರ್‌ಫುಟ್ ಓದುಗರ ಕಣ್ಮಣಿಯಾದ. ಮೇಜಿನ ಮೇಲೆ ಮಾತ್ರ ಇದು ತಿರುಗುಬಾಣ. ಜೊತೆಗಾರರ ಗಂಟನ್ನೇ ಎಗರಿಸಿ ತನ್ನ ಕುಲವೇ ಹಾಗೆ ಎಂದು ನೆವ ಹೇಳುವ ಆಟಗಾರರು ಹೆಚ್ಚಿ, ಕೆಂಡರ್‌ಗಳಿಗೆ ಪ್ರವೇಶವಿಲ್ಲ ಎನ್ನುವ ಡಂಜನ್ ಮಾಸ್ಟರ್‌ಗಳೂ ಹೆಚ್ಚಿದರು. ಕಳ್ಳತನದಿಂದ ಪಾಪಪ್ರಜ್ಞೆ ತೆಗೆದರೆ ಕಳ್ಳತನ ಕಡಿಮೆಯಾಗುವುದಿಲ್ಲವಷ್ಟೇ.

ಇನ್ನೊಂದು ತುದಿಗೆ ಹೋದದ್ದು 1991ರ ‘ಡಾರ್ಕ್ ಸನ್’ ಎಂಬ ಆಟದ ಲೋಕ. ಮರಳುಗಾಡಾದ ಲೋಕವೊಂದರ ಕಾಡಂಚಿನಲ್ಲಿ ಬದುಕುವ ಈ ಹಾಫ್‌ಲಿಂಗ್‌ಗಳು ನರಭಕ್ಷಕರು. ಮೊದಲು ಕೇಳಿದಾಗ ಬೆಚ್ಚಿಬೀಳಿಸುವ, ಎರಡನೆಯ ಸಲಕ್ಕೆ ಕಾಡುಜನರ ಬಗೆಗಿನ ಸವೆದ ಚಿತ್ರವೇ ಎನಿಸುವ ಕಲ್ಪನೆ. ಅದರ ಹಿಂದೆ ಕಟ್ಟಿದ ಪುರಾಣ ಮಾತ್ರ ಗಟ್ಟಿ: ಆ ಲೋಕ ಒಮ್ಮೆ ನೀಲಿ ಸಮುದ್ರವಾಗಿತ್ತು, ಅದರ ಮೊದಲ ಒಡೆಯರು ಹಾಫ್‌ಲಿಂಗ್‌ಗಳೇ, ಉಳಿದ ಜನರೆಲ್ಲ ಆಮೇಲೆ ಬಂದವರು.

ಇಂಗ್ಲೆಂಡಿನ ‘ವಾರ್‌ಹ್ಯಾಮರ್’ ಆಟದವರು ನಗೆಯ ದಾರಿ ಹಿಡಿದರು, ಆದರೆ ನಗೆಯೊಳಗೆ ರಾಜಕೀಯ ಬೆರೆಸಿದರು. ಸಾಮ್ರಾಜ್ಯದ ಲುಡ್ವಿಗ್ ಎಂಬ ಸ್ಥೂಲದೇಹಿ ಚಕ್ರವರ್ತಿ ತನ್ನ ಹಾಫ್‌ಲಿಂಗ್ ಅಡುಗೆಯವನ ಕೈರುಚಿಗೆ ಮಾರುಹೋಗಿ ಇಡೀ ಒಂದು ಪ್ರಾಂತವನ್ನು ಆ ಜನಕ್ಕೆ ಬರೆದುಕೊಟ್ಟ. ಮೂಟ್ ಎಂಬ ಆ ನಾಡು ಕತ್ತರಿಸಿದ್ದು ಎರಡು ನೆರೆಪ್ರಾಂತಗಳ ಫಲವತ್ತಾದ ನೆಲದಿಂದ. ಅಲ್ಲಿನ ಜಮೀನ್ದಾರರ ಹೊಟ್ಟೆಯುರಿ ಶತಮಾನಗಳಾದರೂ ಆರಿಲ್ಲ. ಇನಾಮು ಭೂಮಿ, ಅದರ ಸುತ್ತ ದ್ವೇಷ, ಅರಮನೆಯ ಅಡುಗೆಮನೆಯಲ್ಲಿ ಪ್ರಭಾವ. ಇಷ್ಟು ಕೊಟ್ಟರೆ ಅಡುಗೆಭಟ್ಟನ ಪಾತ್ರವೂ ಬರಿಯ ಹಾಸ್ಯವಾಗಿ ಉಳಿಯುವುದಿಲ್ಲ. ಅದೇ ಲೋಕದ ಫುಟ್ಬಾಲಿನಂಥ ‘ಬ್ಲಡ್ ಬೌಲ್’ನಲ್ಲಿ ಹಾಫ್‌ಲಿಂಗ್ ತಂಡ ಸೋಲಲೆಂದೇ ಹುಟ್ಟಿದ್ದು; ಅದಕ್ಕೆ ಮರಮನುಷ್ಯರು ಆಟಗಾರರನ್ನೇ ಎತ್ತಿ ಎಸೆಯುತ್ತಾರೆ, ಬಾಣಸಿಗ ಎದುರಾಳಿಗಳ ಗಮನ ಕದಿಯುತ್ತಾನೆ. ಸೋಲು ಖಚಿತವೆಂದು ಗೊತ್ತಿದ್ದೂ ಅದೇ ತಂಡವನ್ನು ಬಿಡದೆ ಆಡುವ ಅಭಿಮಾನಿಗಳಿದ್ದಾರೆ.

ಟಿಎಸ್‌ಆರ್ ಅನ್ನು 1997ರಲ್ಲಿ ಕೊಂಡ ವಿಜರ್ಡ್ಸ್ ಆಫ್ ದಿ ಕೋಸ್ಟ್ 2000ದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಮೂರನೆಯ ಆವೃತ್ತಿ ತಂದಾಗ ಹಳೆಯ ಲೆವೆಲ್ ಮಿತಿಗಳನ್ನು ಕಿತ್ತುಹಾಕಿತು. ಯಾವ ಕುಲದವರೂ ಯಾವ ಕಸುಬನ್ನಾದರೂ ಹಿಡಿಯಬಹುದಾಯಿತು. ಪುಸ್ತಕದ ಚಿತ್ರಗಳಲ್ಲಿ ಲಿಡ್ಡಾ ಎಂಬ ಹಾಫ್‌ಲಿಂಗ್ ಹೆಣ್ಣು ಬಂದಳು: ತೆಳು ಮೈ, ಕಾಲಿಗೆ ಬೂಟು, ಕಣ್ಣಲ್ಲಿ ತುಂಟತನ. ಹೊಟ್ಟೆ ಕರಗಿತು, ಮನೆಯೂ ಕರಗಿತು, ಹಾಫ್‌ಲಿಂಗ್‌ಗಳು ಅಲೆಮಾರಿಗಳಾದರು. ಲಿಡ್ಡಾಳ ಕಸುಬು? ಮತ್ತೆ ಅದೇ. ನಿಯಮ ಬಿಟ್ಟುಕೊಟ್ಟರೂ ಅಭ್ಯಾಸ ಬಿಟ್ಟುಕೊಡಲಿಲ್ಲ. 2008ರ ನಾಲ್ಕನೆಯ ಆವೃತ್ತಿ ಅವರನ್ನು ನಾಲ್ಕು ಅಡಿಗೆ ಎತ್ತರಿಸಿ ನದಿಗಳ ಮೇಲೆ ದೋಣಿ ಹತ್ತಿಸಿತು. 2014ರ ಐದನೆಯದು ಮತ್ತೆ ಹಳ್ಳಿಮನೆಗೆ ತಂದಿತು. ಆದರೆ ಚಿತ್ರಗಳಲ್ಲಿ ತಲೆ ಕುಂಬಳಕಾಯಿಯಷ್ಟು, ಪಾದ ಬೆರಳಷ್ಟು ಆಗಿ ಆಟಗಾರರ ಗೇಲಿಗೆ ಗುರಿಯಾಯಿತು. ಹದಿನಾಲ್ಕು ವರ್ಷ ಮೈಕಟ್ಟಿನ ತಿದ್ದುಪಡಿಯಲ್ಲೇ ಕಳೆಯಿತು ಎಂದರೆ ಕಟುವಾದೀತು, ಸುಳ್ಳಾಗದು.

ನಿಜವಾದ ಕೆಲಸ ಬೇರೆ ಕಡೆ ನಡೆದಿತ್ತು. 2000ದಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 2’ ಎಂಬ ಕಂಪ್ಯೂಟರ್ ಆಟದಲ್ಲಿ ಮ್ಯಾಜ಼ಿ ಫೆಂಟನ್ ಎಂಬ ಹಾಫ್‌ಲಿಂಗ್ ಯೋಧೆ ಇದ್ದಾಳೆ. ಅವಳಿಗೆ ಪ್ಯಾಲಡಿನ್, ಅಂದರೆ ವ್ರತಧಾರಿ ವೀರಳಾಗುವ ಆಸೆ. ಆಗಿನ ನಿಯಮದಲ್ಲಿ ಆ ಪದವಿ ಮನುಷ್ಯರಿಗೆ ಮೀಸಲು. ಬರಹಗಾರರು ಆ ಅಡ್ಡಗೋಡೆಯನ್ನೇ ಪಾತ್ರದ ಜೀವಾಳ ಮಾಡಿದರು: ಯಾರೂ ಕೊಡದ ಪದವಿಗೆ ತಕ್ಕಂತೆ ಅವಳು ನಡೆದುಕೊಳ್ಳುತ್ತಾಳೆ. ಹಾಫ್‌ಲಿಂಗ್ ಚಿತ್ರಣದಲ್ಲಿ ಇದಕ್ಕಿಂತ ಘನತೆಯ ಪಾತ್ರ ಇನ್ನೊಂದಿಲ್ಲ.

ಕೀತ್ ಬೇಕರ್ ರೂಪಿಸಿದ, 2004ರಲ್ಲಿ ಪ್ರಕಟವಾದ ‘ಎಬೆರಾನ್’ ಎಂಬ ಆಟದ ಲೋಕ ಇನ್ನೂ ದೂರ ಹೋಯಿತು. ಟಲೆಂಟಾ ಬಯಲಿನಲ್ಲಿ ಹಾಫ್‌ಲಿಂಗ್ ಕುಲಗಳು ಡೈನೊಸಾರ್ ಸವಾರಿ ಮಾಡುತ್ತ ತಿರುಗುತ್ತವೆ. ನಗರಗಳಲ್ಲಿ ಜೊರಾಸ್ಕೊ ಎಂಬ ಮನೆತನ ಆಸ್ಪತ್ರೆಗಳನ್ನು ನಡೆಸುತ್ತದೆ, ದುಡ್ಡಿಲ್ಲದೆ ಗಾಯಕ್ಕೆ ಕೈಹಾಕುವುದಿಲ್ಲ. ಗಲಾಂಡಾ ಮನೆತನದ ಕೈಯಲ್ಲಿ ಛತ್ರಗಳು, ಊಟದ ಮನೆಗಳು. ಶಾರ್ನ್ ನಗರದಲ್ಲಿ ಬೊರೊಮಾರ್ ಎಂಬ ಹಾಫ್‌ಲಿಂಗ್ ಕುಟುಂಬ ಕಳ್ಳದಂಧೆಯನ್ನು ಆಳುತ್ತದೆ, ನಗರಸಭೆಯೊಳಗೂ ಅದರ ಕೈ ಆಡುತ್ತದೆ. ಕಳ್ಳತನ ಇಲ್ಲೂ ಇದೆ. ಆದರೆ ಅದು ರಕ್ತದಲ್ಲಿ ಬಂದದ್ದಲ್ಲ. ವಲಸೆ ಬಂದವರು ನಗರದಲ್ಲಿ ಕಾಲೂರಿದ ಒಂದು ಬಗೆ. ಅದೇ ಬೀದಿಯಲ್ಲಿ ಅದೇ ಕುಲದ ವೈದ್ಯ, ಛತ್ರದ ಒಡತಿ, ಬಯಲಿನಿಂದ ಬಂದ ಸವಾರ ಎದುರಾಗುತ್ತಾರೆ.

2009ರಿಂದ ಸ್ವಂತ ಆಟವಾಗಿ ಬೆಳೆದ ‘ಪಾತ್‌ಫೈಂಡರ್’ನ ಚೆಲಿಯಾಕ್ಸ್ ರಾಜ್ಯದಲ್ಲಿ ಹಾಫ್‌ಲಿಂಗ್‌ಗಳು ಜೀತದಾಳುಗಳು. ಬೆಲ್‌ಫ್ಲವರ್ ಜಾಲ ಎಂಬ ಗುಪ್ತಸಂಘ ಬೇಸಾಯದ ಪದಗಳನ್ನೇ ಸಂಕೇತವಾಗಿ ಬಳಸಿ ಅವರನ್ನು ಗಡಿ ದಾಟಿಸುತ್ತದೆ. ಯಾರ ಕಣ್ಣಿಗೂ ಬೀಳದೆ ನಡೆಯುವ ಹಳೆಯ ಗುಣಕ್ಕೆ ಇಲ್ಲಿ ಕಾರಣ ಸಿಕ್ಕಿತು. ಒಡೆಯನ ಮನೆಯಲ್ಲಿ ಆಳನ್ನು ಯಾರೂ ಗಮನಿಸುವುದಿಲ್ಲ; ಗಮನಿಸದಿದ್ದರೇ ಆಳಿಗೂ ಕ್ಷೇಮ.

2020ರ ಹೊತ್ತಿಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಹುಟ್ಟಿಗೆ ಅಂಟಿದ ಅಂಕಗಳ ಬಗ್ಗೆಯೇ ತಕರಾರು ಜೋರಾಗಿತ್ತು. ಆ ವರ್ಷದ ‘ಟ್ಯಾಶಾಸ್ ಕಾಲ್ಡ್ರನ್’ ಪುಸ್ತಕ ಅಂಕಗಳನ್ನು ಬೇಕಾದಲ್ಲಿಗೆ ಬದಲಿಸಿಕೊಳ್ಳಲು ಬಿಟ್ಟಿತು. 2024ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಅವನ್ನು ಕುಲದಿಂದ ಕಳಚಿ ಪಾತ್ರದ ಹಿನ್ನೆಲೆಗೆ, ಅಂದರೆ ಅವರು ಬೆಳೆದುಬಂದ ಬದುಕಿಗೆ ಜೋಡಿಸಿತು. ಹಾಫ್‌ಲಿಂಗ್‌ಗೆ ಉಳಿದ ಮುಖ್ಯ ಗುಣಗಳು ಧೈರ್ಯ, ಅದೃಷ್ಟ, ದೊಡ್ಡವರ ನಡುವೆ ನುಸುಳುವ ಚುರುಕು, ಅವರ ಬೆನ್ನ ಹಿಂದೆ ಮರೆಯಾಗುವ ಕಲೆ. ಇಪ್ಪತ್ತು ಮುಖದ ದಾಳದಲ್ಲಿ ಒಂದು ಬಿದ್ದರೆ ಮತ್ತೊಮ್ಮೆ ಉರುಳಿಸುವ ಹಕ್ಕು 2014ರಿಂದಲೂ ಇದೆ. ನ್ಯಾಯವಾದ ತಿದ್ದುಪಡಿಯೇ. ಆದರೆ ಅಂಕ ತೆಗೆದಷ್ಟಕ್ಕೆ ಊರು ಮರಳಿ ಬರಲಿಲ್ಲ. ಆ ಪುಸ್ತಕದಲ್ಲಿ ಹಾಫ್‌ಲಿಂಗ್‌ಗಳಿಗೆ ಸಿಕ್ಕಿರುವುದು ಒಂದು ಪುಟದ ಜಾಗ. ಉಳಿದದ್ದು ಮೇಜಿನ ಸುತ್ತ ಕೂತವರ ಪಾಲಿನ ಕೆಲಸ.

ಆದ್ದರಿಂದ ಬೆಂಗಳೂರಿನಲ್ಲೋ ಬೋಸ್ಟನ್ನಿನಲ್ಲೋ ಆಟ ನಡೆಸುವ ಡಂಜನ್ ಮಾಸ್ಟರ್‌ಗಳಲ್ಲಿ ಒಂದು ವಿನಂತಿ. ಮುಂದಿನ ಸಲ ಯಾರಾದರೂ ಹಾಫ್‌ಲಿಂಗ್ ಆಗುತ್ತೇನೆ ಎಂದರೆ, ಬೀಗ ತೆಗೆಯುವ ಅಂಕ ಬರೆಯುವ ಮೊದಲು, ಆ ಪಾತ್ರದ ಊರಿನಲ್ಲಿ ಸೇತುವೆ ಮುರಿದರೆ ಯಾರು ಕಟ್ಟುತ್ತಾರೆ, ಕಡೆಯ ಬರ ಬಂದದ್ದು ಯಾವಾಗ, ಆಗ ಮನೆಯಲ್ಲಿ ಉಳಿದವರು ಯಾರು ಎಂದು ಕೇಳಿ ನೋಡಿ. ಆಮೇಲೆಯೂ ಆಟಗಾರರು ಕಳ್ಳನ ಕಸುಬನ್ನೇ ಆರಿಸಿಕೊಂಡರೆ ಧಾರಾಳವಾಗಿ ಬರೆದುಕೊಳ್ಳಲಿ.